ಹೀಟರ್ ಊದುತ್ತದೆ, ಬಿಸಿ ಮಾತ್ರ ಇಲ್ಲ!

ಮಡಿಕೇರಿ: ಮಳೆಗಾಲ ಶುರುವಾಯಿತೆಂದರೆ ಗ್ಯಾರೇಜುಗಳಲ್ಲಿ ಒಂದು ಹಳೇ ರಾಗ. "ಮೇಸ್ತ್ರಿ, ಹೀಟರ್ ಹಾಕಿದ್ರೆ ಗಾಳಿ ಬರ್ತದೆ, ಬಿಸಿ ಬರೋದಿಲ್ಲ." ಅದಕ್ಕೆ ಸಿಗುವ ಉತ್ತರವೂ ಹಳೆಯದೇ. "ಡ್ಯಾಶ್‌ಬೋರ್ಡ್ ಬಿಚ್ಬೇಕಣ್ಣಾ, ಎರಡು ದಿನ ಗಾಡಿ ಬಿಟ್ಟು ಹೋಗಿ." ಅಷ್ಟು ಕೇಳಿದ್ದೇ ತಡ, ಗಿರಾಕಿಯ ಕೈ ಜೇಬಿಗೆ ಹೋಗುತ್ತದೆ. "ಇರ್ಲಿ ಬಿಡಿ, ಹೇಗೋ ನಡೀತದೆ" ಎಂದು ಗಾಡಿ ತಿರುಗಿಸಿಕೊಂಡು ಹೊರಟೇ ಬಿಡುತ್ತಾನೆ.

ಈ 'ಹೇಗೋ ನಡೀತದೆ' ಬಿಸಿಲೂರಿನಲ್ಲಿ ನಡೆಯಬಹುದು. ಘಾಟಿಯಲ್ಲಿ ನಡೆಯುವುದಿಲ್ಲ.

ಮಂಗಳೂರಿನಿಂದ ಸಾಮಾನು ತುಂಬಿಕೊಂಡು ಸಂಜೆ ಹೊರಟ ಅಂಗಡಿಯವರ ಗಾಡಿ ಸಂಪಾಜೆ ದಾಟಿ ಮೇಲೆ ಹತ್ತತೊಡಗುತ್ತದೆ. ಹೊರಗೆ ಮಳೆ, ಮಂಜು. ಒಳಗೆ ಒದ್ದೆ ಬಟ್ಟೆಯಲ್ಲಿ ಕೂತ ನಾಲ್ಕು ಜನ. ಅವರ ಉಸಿರಿನ ಹಬೆಯೆಲ್ಲ ತಣ್ಣಗಿನ ಗಾಜಿಗೆ ಕೂತು, ಎದುರಿನ ಗಾಜಿಗೆ ಸುಣ್ಣ ಬಳಿದಂತಾಗುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜಾರಿ ಮುಚ್ಚಿಹೋಗಿದ್ದ ರಸ್ತೆ ಇದೇ. ಇಲ್ಲಿ ಡ್ರೈವರಿಗೆ ರಸ್ತೆಯ ಅಂಚು ಕಾಣಲೇಬೇಕು.

ಬಸ್ಸಿನಲ್ಲಿ ಕೂತವರು "ಅದು ಕಾರಿನವರ ಗೋಳು, ನಮಗೇನು?" ಎನ್ನುವಂತಿಲ್ಲ ಸ್ವಾಮಿ! ಗಾಜು ಮಂಕಾದ ಆ ಕಾರು ತಿರುವಿನಲ್ಲಿ ಎದುರಾಗುವುದು ನೀವು ಕೂತ ಬಸ್ಸಿಗೇ.

ಹೀಟರಿಗೆ ಬೇರೆ ಒಲೆ ಇಲ್ಲ

ಪೆಟ್ರೋಲ್, ಡೀಸೆಲ್ ಕಾರಿನ ಹೀಟರಿಗೆ ತನ್ನದೇ ಆದ ಒಲೆ ಇಲ್ಲ. ಇಂಜಿನ್ನಿನ ಸುತ್ತ ಹರಿಯುವ ಬಿಸಿನೀರೇ ಅದರ ಬಂಡವಾಳ. ಆ ನೀರು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಫ್ಯಾನು ಅದರ ಮೇಲೆ ಗಾಳಿ ಊದಿದರೆ ಆ ಗಾಳಿ ಬಿಸಿಯಾಗಿ ಗಾಜಿಗೆ ತಾಗುತ್ತದೆ. ಗಾಳಿ ಜೋರಾಗಿ ಬರುತ್ತಿದೆ ಎಂದರೆ ಫ್ಯಾನು ಸರಿಯಾಗಿದೆ. ಬಿಸಿ ಇಲ್ಲವೆಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲ, ಅಥವಾ ನೀರೇ ಬಿಸಿಯಾಗುತ್ತಿಲ್ಲ, ಅಥವಾ ಊದಿದ ಗಾಳಿ ಆ ರೇಡಿಯೇಟರನ್ನು ಮುಟ್ಟದೆ ಬರುತ್ತಿದೆ. ರೋಗ ಇಷ್ಟರಲ್ಲೇ ಎಲ್ಲೋ ಇದೆ.

ಮೂಗು ಕೊಯ್ದ ವೈದ್ಯ

ಎಷ್ಟೋ ಗಾಡಿಗಳಲ್ಲಿ ಕಳ್ಳ ಡ್ಯಾಶ್‌ಬೋರ್ಡಿನ ಹಿಂದೆ ಇರುವುದೇ ಇಲ್ಲ. ಅವನು ಇಂಜಿನ್ನಿನ ಬಾಯಲ್ಲಿ ಕೂತಿರಬೇಕಾದ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸಾಮಾನು. ಹೆಸರು ಥರ್ಮೋಸ್ಟಾಟ್ ವಾಲ್ವ್. ಇಂಜಿನ್ ತಣ್ಣಗಿರುವಾಗ ಇದು ಬಾಗಿಲು ಹಾಕಿಕೊಂಡು ನೀರನ್ನು ಇಂಜಿನ್ನಿನಲ್ಲೇ ಸುತ್ತಿಸುತ್ತದೆ. ನೀರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದ ಮೇಲೆ ಬಾಗಿಲು ತೆರೆದು ಮುಂದಿನ ದೊಡ್ಡ ರೇಡಿಯೇಟರಿಗೆ ಬಿಡುತ್ತದೆ.

ಯಾವತ್ತೋ ಒಂದು ದಿನ ಈ ವಾಲ್ವ್ ಮುಚ್ಚಿದಂತೆಯೇ ಕಚ್ಚಿಕೊಂಡು ಗಾಡಿ ಕುದಿಯುತ್ತದೆ. ಗ್ಯಾರೇಜಿನವನು ಅದನ್ನು ಕಿತ್ತು ಮೂಲೆಗೆ ಎಸೆಯುತ್ತಾನೆ. "ನಮ್ಮ ಸೆಕೆಗೆ ಇದೆಲ್ಲ ಬೇಡ ಸಾರ್, ಫಾರಿನ್ನಿಗೆ ಮಾತ್ರ." ಮುಳ್ಳು ಕೆಳಗಿಳಿಯುತ್ತದೆ, ಗಿರಾಕಿ ಖುಷಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆ ಇದೇ ಅಲ್ಲವೇ?

ವಾಲ್ವ್ ಇಲ್ಲದ ಗಾಡಿಯಲ್ಲಿ ನೀರು ಸದಾ ರೇಡಿಯೇಟರಿಗೆ ಓಡಿ ತಣ್ಣಗಾಗುತ್ತಿರುತ್ತದೆ. ಬಿಸಿಲೂರಿನಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಹೀಟರ್ ಹಾಕುವವರೇ ಇಲ್ಲ. ಮೂರೂವರೆ ಸಾವಿರ ಅಡಿಗೂ ಮೇಲಿರುವ ಮಡಿಕೇರಿಯ ಮಳೆಯಲ್ಲಿ ಗೊತ್ತಾಗುತ್ತದೆ. ನಷ್ಟ ಹೀಟರಿಗಷ್ಟೇ ಅಲ್ಲ. ಇಂಜಿನ್ ಹದಕ್ಕೆ ಬರುವುದೇ ಇಲ್ಲ, ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಸಾಮಾನ್ಯ ಕಾರುಗಳಿಗೆ ಹೊಸ ವಾಲ್ವ್ ಕೆಲವು ನೂರು ರೂಪಾಯಿಯ ಮಾತು. ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿಯ ಮುಂದೆ ಅದೇನು ಲೆಕ್ಕ?

ಎರಡು ಪೈಪು ಮುಟ್ಟಿ ನೋಡಿ

ರೋಗ ಪತ್ತೆಗೆ ದೊಡ್ಡ ಯಂತ್ರವೇನೂ ಬೇಡ. ಇಂಜಿನ್ ತಣ್ಣಗಿರುವಾಗ ಮೊದಲು ನೀರು ಭರ್ತಿ ಇದೆಯೇ ನೋಡಬೇಕು. ಆಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಇಪ್ಪತ್ತು ನಿಮಿಷ ಗಾಡಿ ಓಡಿಸಬೇಕು. ಅಷ್ಟಾದರೂ ಟೆಂಪರೇಚರ್ ಮುಳ್ಳು ತಳ ಬಿಟ್ಟು ಏಳದಿದ್ದರೆ ಅನುಮಾನ ವಾಲ್ವಿನ ಮೇಲೆ. ಅದು ತೆರೆದಂತೆಯೇ ಕಚ್ಚಿಕೊಂಡಿದೆ, ಇಲ್ಲವೇ ಯಾರೋ ಕಿತ್ತು ಹಾಕಿದ್ದಾರೆ.

ಮುಳ್ಳು ಸರಿಯಾಗಿ ಏರಿದ್ದರೆ, ಇಂಜಿನ್ ಆಫ್ ಮಾಡಿ, ಫ್ಯಾನು ನಿಂತ ಮೇಲೆ ಬಾನೆಟ್ ಎತ್ತಿ, ಡ್ಯಾಶ್‌ಬೋರ್ಡಿನ ಕಡೆ ಹೋಗುವ ಆ ಎರಡು ಪೈಪುಗಳನ್ನು ಬಟ್ಟೆ ಹಿಡಿದು ಹುಷಾರಾಗಿ ಮುಟ್ಟಬೇಕು.

ಎರಡೂ ಬಿಸಿಯಾಗಿದ್ದರೆ ನೀರಿನ ತಪ್ಪಲ್ಲ. ಒಳಗೆ ಬಿಸಿಗಾಳಿ, ತಣ್ಣನೆ ಗಾಳಿ ಬೆರೆಸುವ ತಗಡಿನಂಥ ಬಾಗಿಲೋ, ಅದನ್ನು ಎಳೆಯುವ ಕೇಬಲ್ಲೋ ತಪ್ಪಿದೆ. ಕೇಬಲ್ ಕಳಚಿದ್ದರೆ ಹತ್ತು ನಿಮಿಷದ ಕೆಲಸ.

ಒಂದು ಬಿಸಿ, ಒಂದು ತಣ್ಣಗಿದ್ದರೆ ನೀರು ಒಳಗೆ ಹೋಗಿ ಹೊರಗೆ ಬರುತ್ತಿಲ್ಲ. ಹೀಟರ್ ಪೈಪಿಗೆ ವಾಲ್ವ್ ಇರುವ ಗಾಡಿಯಾದರೆ ಅದು ಮುಚ್ಚಿದೆಯೇ ನೋಡಬೇಕು. ಇಲ್ಲವಾದರೆ ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದೆ. ಕೂಲಂಟ್ ಬದಲು ವರ್ಷಗಟ್ಟಲೆ ನಲ್ಲಿ ನೀರು, ತೊರೆ ನೀರು ಹೊಯ್ದವರಿಗೆ ಸಿಗುವ ಬಹುಮಾನ ಇದು. ತುಕ್ಕು, ಪಾಚು ಸೇರಿ ಕೊಳವೆ ಮುಚ್ಚುತ್ತದೆ. ಪೈಪು ಬಿಚ್ಚಿ ಹಿಂದುಮುಂದಾಗಿ ನೀರು ಹಾಯಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.

ಇಂಜಿನ್ ಕಾದಿದ್ದೂ ಎರಡೂ ಪೈಪು ತಣ್ಣಗಿದ್ದರೆ ನೀರು ಕಡಿಮೆಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ.

ಅದು ಹೀಟರ್ ಅಲ್ಲ, ಎಚ್ಚರಿಕೆ ಗಂಟೆ

ಘಾಟಿಯವರು ನೆನಪಿಡಬೇಕಾದದ್ದು ಇದನ್ನೇ. ಸಾಮಾನ್ಯವಾಗಿ ಹೀಟರಿನ ರೇಡಿಯೇಟರ್ ಇರುವುದು ಎತ್ತರದಲ್ಲಿ. ಎಲ್ಲೋ ಸೋರಿ ನೀರು ಇಳಿಯತೊಡಗಿದರೆ ಎಷ್ಟೋ ಸಲ ಮೊದಲು ಬರಿದಾಗುವುದು ಅದೇ. ಇಷ್ಟು ಹೊತ್ತು ಬಿಸಿ ಊದುತ್ತಿದ್ದ ಹೀಟರ್ ಏರಿನ ಮಧ್ಯೆ ದಿಢೀರನೆ ತಣ್ಣಗಾಯಿತೆಂದರೆ ಇಂಜಿನ್ನಿನ ಗಂಟಲು ಒಣಗುತ್ತಿದೆ ಎಂದರ್ಥ. ಟೆಂಪರೇಚರ್ ಮುಳ್ಳನ್ನೇ ನಂಬಿ ಕೂರಬಾರದು. ನೀರು ತೀರಾ ಇಳಿದರೆ ಅದೂ ಸುಳ್ಳು ಹೇಳುವುದುಂಟು. ಆಗ ಪಕ್ಕಕ್ಕೆ ನಿಲ್ಲಿಸಲೇಬೇಕು. "ಊರು ಹತ್ರ ಬಂತು" ಎಂದು ಎಳೆದವರು ಇಂಜಿನ್ನನ್ನೇ ಕಳೆದುಕೊಳ್ಳುತ್ತಾರೆ.

ನಿಲ್ಲಿಸಿದ ಕೂಡಲೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೂ ಬಾರದು. ಒತ್ತಡದಲ್ಲಿ ಕಾದ ನೀರು ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಮಳೆ ಬಿದ್ದರೂ ಸರಿ.

ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡು, ಎಡಗಡೆ ಸೀಟಿನವರ ಕಾಲಡಿ ಒದ್ದೆ, ಈ ಮೂರೂ ಕಂಡರೆ ಹೀಟರಿನ ರೇಡಿಯೇಟರೇ ತೂತಾಗಿದೆ. ಆಗ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚುವ ಖರ್ಚು ತಪ್ಪಿದ್ದಲ್ಲ.

ರಿಪೇರಿಯಾಗುವ ತನಕ ಘಾಟಿಯಲ್ಲಿ ಏ.ಸಿ. ಇದ್ದರೆ ಹಾಕಿ, ಗಾಳಿಯನ್ನು ಎದುರಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಬೇಕು. ಏ.ಸಿ. ಗಾಳಿಯ ತೇವ ಹೀರುತ್ತದೆ. ಅದೂ ಇಲ್ಲದವರು ಪಕ್ಕದ ಗಾಜನ್ನು ಎರಡು ಬೆರಳು ಇಳಿಸಲಿ. ಗಾಜಿಗೆ ಹೊಗೆಸೊಪ್ಪು ಉಜ್ಜುವ ಹಳೇ ವಿದ್ಯೆ ಹೊರಗಿನ ಮಳೆನೀರಿಗೆ, ಒಳಗಿನ ಹಬೆಗಲ್ಲ.

ಮುಂದಿನ ಸಲ ಗ್ಯಾರೇಜಿನಲ್ಲಿ "ಡ್ಯಾಶ್‌ಬೋರ್ಡ್ ಬಿಚ್ಬೇಕಣ್ಣಾ" ಎಂಬ ಮಾತು ಬಂದರೆ ಜೇಬು ಮುಟ್ಟಿಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: "ಮೇಸ್ತ್ರಿ, ಥರ್ಮೋಸ್ಟಾಟ್ ಉಂಟಾ, ಇಲ್ವಾ?"