ಹಿಪ್ಪಿಗಳು ಬಿಟ್ಟುಹೋದ ಔಷಧಾಲಯ

ಹಿಪ್ಪಿಗಳೆಂದೊಡನೆ ಉದ್ದಗೂದಲು, ಮಣಿಸರ, ಗಾಂಜಾದ ಹೊಗೆಗಳೇ ಕಣ್ಣ ಮುಂದೆ ನಿಲ್ಲುತ್ತವೆ. ದೇವಾನಂದರ 1971ರ 'ಹರೇ ರಾಮ ಹರೇ ಕೃಷ್ಣ' ಚಲಚ್ಚಿತ್ರವು ಭಾರತೀಯರ ಮನಸ್ಸಿನಲ್ಲಿ ಅಚ್ಚೊತ್ತಿದುದೂ ಇದೇ ರೂಪವನ್ನು. ಆದರೆ ಅವರ ಆದರ್ಶದಿಂದ ವೈದ್ಯಕೀಯಕ್ಕೆ ದೊರೆತ ಕೊಡುಗೆಯು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1967ರ ಬೇಸಗೆಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹೈಟ್-ಆಶ್‌ಬರಿ ಬಡಾವಣೆಗೆ ಸುಮಾರು ಒಂದು ಲಕ್ಷ ತರುಣ ತರುಣಿಯರು ಬಂದು ಸೇರಿದರೆಂದು ಅಂದಾಜು. ಹಣದ ಹಂಗಿಲ್ಲದ ಬಾಳು ಅವರ ಕನಸು. 'ಡಿಗ್ಗರ್ಸ್' ಎಂಬ ತಂಡವು ಅಲ್ಲಿ ಉದ್ಯಾನದಲ್ಲಿ ಪುಕ್ಕಟೆ ಊಟ ಬಡಿಸಿತು. ಬೆಲೆಯಿಲ್ಲದ ಅಂಗಡಿಯನ್ನೂ ನಡೆಸಿತು. ಆದರೆ ರೋಗಗಳು ಆದರ್ಶಕ್ಕೆ ಮಣಿಯಲಿಲ್ಲ. ಕಿಕ್ಕಿರಿದ ಕೋಣೆಗಳಲ್ಲಿ ಚರ್ಮರೋಗ, ಗುಹ್ಯರೋಗ, ಕಾಮಾಲೆಗಳು ಹರಡಿದವು. ಆಸ್ಪತ್ರೆಗೆ ಹೋದರೆ ತಿರಸ್ಕಾರ. ಮಾದಕ ವಸ್ತು ಸೇವಿಸಿದವರಿಗಂತೂ ಪೊಲೀಸರ ಭಯ.

ಆ ವರ್ಷದ ಜೂನ್ 7ರಂದು 28 ವರ್ಷದ ವೈದ್ಯ ಡೇವಿಡ್ ಸ್ಮಿತ್ ಕ್ಲೇಟನ್ ರಸ್ತೆಯಲ್ಲಿ ಉಚಿತ ಚಿಕಿತ್ಸಾಲಯವೊಂದನ್ನು ತೆರೆದರು. ವೈದ್ಯರೂ ದಾದಿಯರೂ ಸ್ವಯಂಸೇವಕರು; ಖರ್ಚಿಗೆ ರಾಕ್ ಸಂಗೀತ ಕಚೇರಿಗಳ ಹಣವೂ ಒದಗಿತು. ಇಲ್ಲಿ 'ಉಚಿತ' ಎಂಬ ಮಾತಿಗೆ ಶುಲ್ಕವಿಲ್ಲವೆಂಬುದಷ್ಟೇ ಅರ್ಥವಾಗಿರಲಿಲ್ಲ. ರೋಗಿಯ ನಡತೆಯ ವಿಚಾರಣೆಯೂ ಇಲ್ಲವೆಂದರ್ಥ. ಎಲ್‌ಎಸ್‌ಡಿ ಸೇವಿಸಿ ದಿಗಿಲುಗೊಂಡವನನ್ನು ಕಟ್ಟಿಹಾಕುತ್ತಿರಲಿಲ್ಲ. ಶಾಂತವಾದ ಕೋಣೆಯಲ್ಲಿ ಕೂರಿಸಿ, ಅಮಲಿಳಿಯುವ ತನಕ ಯಾರಾದರೊಬ್ಬರು ಮೆಲ್ಲನೆ ಮಾತನಾಡಿಸುತ್ತ ಜೊತೆಗಿರುತ್ತಿದ್ದರು. ಆರೋಗ್ಯರಕ್ಷಣೆ ಹಕ್ಕೇ ಹೊರತು ಸವಲತ್ತಲ್ಲವೆಂಬುದು ಆ ಸಂಸ್ಥೆಯ ಘೋಷವಾಯಿತು.

ಮುಂದೆ ಹೆರಾಯಿನ್ ಪಿಡುಗು ಬಂದಾಗ ಈ ನಿಲುವಿನ ಬೆಲೆ ತಿಳಿಯಿತು. ವ್ಯಸನವು ಪಾಪವೂ ಅಲ್ಲ, ಬರಿಯ ಅಪರಾಧವೂ ಅಲ್ಲ, ಚಿಕಿತ್ಸೆಗೆ ಅರ್ಹವಾದ ಕಾಯಿಲೆ ಎಂದು ಸ್ಮಿತ್ ಮತ್ತು ಸಂಗಡಿಗರು ಪಟ್ಟುಹಿಡಿದರು. ಅಮೆರಿಕದ ವೈದ್ಯಕೀಯ ಮಂಡಳಿಗಳು ವ್ಯಸನ ಚಿಕಿತ್ಸೆಯನ್ನು ಪ್ರತ್ಯೇಕ ಉಪಶಾಖೆಯಾಗಿ ಒಪ್ಪಿಕೊಳ್ಳುವ ವೇಳೆಗೆ 2016 ಬಂದಿತ್ತು!

ಕರಿಯರ 'ಬ್ಲ್ಯಾಕ್ ಪ್ಯಾಂಥರ್' ಪಕ್ಷವೂ 1970ರ ಸುಮಾರಿಗೆ ತನ್ನ ಶಾಖೆಗಳಲ್ಲಿ ಉಚಿತ ಚಿಕಿತ್ಸಾಲಯಗಳನ್ನು ತೆರೆದು, ಕುಡುಗೋಲು ಕಣ ರಕ್ತಹೀನತೆಯ ತಪಾಸಣೆ ನಡೆಸಿತು. ಇದನ್ನೂ ಹಿಪ್ಪಿಗಳ ಲೆಕ್ಕಕ್ಕೆ ಬರೆಯುವುದು ಅನ್ಯಾಯವಾದೀತು. ಆ ಪಕ್ಷಕ್ಕೆ ತನ್ನದೇ ಹೋರಾಟದ ಹಿನ್ನೆಲೆಯಿತ್ತು. ಆದರೂ ಸರಕಾರಕ್ಕಾಗಿ ಕಾಯದೆ ಬೀದಿಯಲ್ಲೇ ಔಷಧಾಲಯ ತೆರೆಯುವ ಧೈರ್ಯವು ಆ ಕಾಲದ ಹಲವು ಚಳವಳಿಗಳಲ್ಲಿ ಸಮಾನವಾಗಿತ್ತು.

ಕ್ಲೇಟನ್ ರಸ್ತೆಯ ಆ ಮೂಲ ಚಿಕಿತ್ಸಾಲಯ 2019ರಲ್ಲಿ ಮುಚ್ಚಿತು. ವಿಮೆಯಿಲ್ಲದವನಿಗೆ ಕಾಯಿಲೆಯೆಂದರೆ ಸಾಲವೆಂದೇ ಅರ್ಥವಾದ ಆ ದೇಶದಲ್ಲಿ ಇಂದು ಸಾವಿರಕ್ಕೂ ಹೆಚ್ಚು ಉಚಿತ ಹಾಗೂ ಧರ್ಮಾರ್ಥ ಚಿಕಿತ್ಸಾಲಯಗಳಿವೆ. ಅವುಗಳಲ್ಲಿ ಎಷ್ಟೋ ಕಡೆ ಸಂಜೆಯ ಹೊತ್ತು ರೋಗಿಗಳನ್ನು ನೋಡುವವರು ನಿವೃತ್ತ ವೈದ್ಯರು, ಚರ್ಚಿನ ಸ್ವಯಂಸೇವಕರು; ಹಿಪ್ಪಿಗಳ ಹೆಸರೆತ್ತುವವರು ಅಲ್ಲಿ ವಿರಳ.