ಕವಕಜಾಲದ ಇಟ್ಟಿಗೆ: ಬಿಸಿ ತಡೆಯುತ್ತದೆ, ಭಾರ ಹೊರದು

ನೆಲದ ಮೇಲೆ ಕಾಣುವ ಅಣಬೆಯು ಶಿಲೀಂಧ್ರದ ಫಲಭಾಗ ಮಾತ್ರವಾಗಿದ್ದು, ಅದರ ನಿಜವಾದ ದೇಹವು ಮಣ್ಣಿನಲ್ಲೋ ಮರದ ಕೊರಡಿನಲ್ಲೋ ನವಿರಾದ ಬಿಳಿ ಎಳೆಗಳ ಬಲೆಯಾಗಿ ಹಬ್ಬಿರುತ್ತದೆ. ಕವಕಜಾಲ ಅಥವಾ ಮೈಸೀಲಿಯಂ ಎನಿಸಿಕೊಳ್ಳುವ ಈ ಬಲೆಯು ಸಸ್ಯದ ನಾರನ್ನು ಕಿಣ್ವಗಳಿಂದ ಕರಗಿಸಿ ಹೀರುತ್ತ, ಉಳಿದ ನಾರಿನ ಸುತ್ತಲೇ ಹೆಣೆದುಕೊಳ್ಳುತ್ತದೆ. ಕೀಟಗಳ ಹೊರಕವಚಕ್ಕೆ ಗಡಸುತನ ಕೊಡುವ ಕೈಟಿನ್ ಎಂಬ ವಸ್ತುವೇ ಈ ಎಳೆಗಳ ಭಿತ್ತಿಯಲ್ಲೂ ಇರುವುದರಿಂದ, ಬಿಡಿಬಿಡಿಯಾದ ಹೊಟ್ಟು, ದಂಟುಗಳು ಬೇರೆ ಅಂಟಿನ ಹಂಗಿಲ್ಲದೆ ಒಂದೇ ಗಟ್ಟಿಯಾಗುತ್ತವೆ.

ಈ ಗುಣವನ್ನು ಕಟ್ಟಡ ಸಾಮಗ್ರಿಗೆ ಬಳಸುವ ಕ್ರಮ ಸರಳವಾದುದು. ಕೃಷಿತ್ಯಾಜ್ಯವನ್ನು ಬಿಸಿಯಿಂದ ಶುದ್ಧಗೊಳಿಸಿ, ಅಣಬೆ ಬೀಜ ಬೆರೆಸಿ, ಅಚ್ಚಿನಲ್ಲಿ ತುಂಬಿ ಕೆಲವು ದಿನ ತೇವದಲ್ಲಿಟ್ಟರೆ ಎಳೆಗಳು ಒಳಗೆಲ್ಲ ವ್ಯಾಪಿಸುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತಂದು ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಯುವವರಿಗೆ ಇಷ್ಟು ಹೊಸದೇನಲ್ಲ. ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ: ಅಣಬೆ ಮೂಡುವ ಮೊದಲೇ ಗಟ್ಟಿಯನ್ನು ಕಾಯಿಸಿ ಒಣಗಿಸಿ, ಶಿಲೀಂಧ್ರವನ್ನು ಕೊಂದು ಬೆಳವಣಿಗೆಯನ್ನು ನಿಲ್ಲಿಸಲಾಗುತ್ತದೆ.

ಅಮೆರಿಕದ ಎಬೆನ್ ಬೇಯರ್ ಮತ್ತು ಗೇವಿನ್ ಮೆಕಿಂಟೈರ್ 2007ರಲ್ಲಿ ಸ್ಥಾಪಿಸಿದ ಎಕೋವೇಟಿವ್ ಸಂಸ್ಥೆಯು ಥರ್ಮೋಕೋಲಿಗೆ ಬದಲಿಯಾಗಿ ಈ ವಸ್ತುವನ್ನು ಮಾರುಕಟ್ಟೆಗೆ ತಂದಿತು. ಅದರ ಸುಮಾರು 10,000 ಇಟ್ಟಿಗೆಗಳಿಂದ ವಾಸ್ತುಶಿಲ್ಪಿ ಡೇವಿಡ್ ಬೆಂಜಮಿನ್ ಅವರ 'ದಿ ಲಿವಿಂಗ್' ತಂಡವು 2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾಸಂಗ್ರಹಾಲಯದ ಅಂಗಳದಲ್ಲಿ 'ಹೈ-ಫೈ' ಎಂಬ, ಸುಮಾರು 40 ಅಡಿ ಎತ್ತರದ ಗೋಪುರವನ್ನು ಎಬ್ಬಿಸಿತು. ಬೇಸಿಗೆ ಕಳೆದ ಮೇಲೆ ಇಟ್ಟಿಗೆಗಳು ಗೊಬ್ಬರವಾದವು.

ಈ ಗೋಪುರದ ಖ್ಯಾತಿಯೇ, ಇಂಥ ಇಟ್ಟಿಗೆ ಮಣ್ಣಿನ ಇಟ್ಟಿಗೆಯಂತೆ ಭಾರ ಹೊರುತ್ತದೆಂಬ ತಪ್ಪು ಗ್ರಹಿಕೆಗೂ ಎಡೆಮಾಡಿತೆನ್ನಬೇಕು. ಭಾರತೀಯ ಮಾನದಂಡದ ಪ್ರಕಾರ ಸುಟ್ಟ ಮಣ್ಣಿನ ಇಟ್ಟಿಗೆಯ ಅತಿ ಕೆಳಗಿನ ದರ್ಜೆಯೂ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡವನ್ನು ತಾಳಬೇಕಾಗಿರುವಾಗ, ಹಗುರವಾದ ಕವಕಜಾಲದ ಗಟ್ಟಿಯು ಸಾಮಾನ್ಯವಾಗಿ ಅದರ ಸಣ್ಣ ಪಾಲನ್ನಷ್ಟೇ ತಾಳುತ್ತದೆ. ನೀರು ಹೀರಿದರಂತೂ ಇನ್ನಷ್ಟು ಸೋಲುತ್ತದೆ. 2017ರಲ್ಲಿ ಸಂಶೋಧಕರಾದ ಡಿರ್ಕ್ ಹೆಬೆಲ್ ಮತ್ತು ಫಿಲಿಪ್ ಬ್ಲಾಕ್ ಅವರ ತಂಡಗಳು ಸೋಲ್ ನಗರದಲ್ಲಿ ಕವಕಜಾಲದ ಗಟ್ಟಿಗಳಿಂದ ನಿಲ್ಲಿಸಿದ, ಮರದಾಕಾರದ 'ಮೈಕೋಟ್ರೀ' ಭಾರ ಹೊತ್ತದ್ದು ನಿಜವಾದರೂ, ಅದಕ್ಕೆ ಕಾರಣ ವಸ್ತುವಿನ ಬಲವಲ್ಲ, ಎಳೆತವಿಲ್ಲದೆ ಒತ್ತಡ ಮಾತ್ರ ಬೀಳುವಂತೆ ಕೊಂಬೆಗಳನ್ನು ಜೋಡಿಸಿದ ಜಾಣ್ಮೆ.

ಒಳಗೆ ಗಾಳಿ ತುಂಬಿಕೊಂಡಿರುವ ಈ ವಸ್ತುವಿನ ನಿಜವಾದ ಸಾಮರ್ಥ್ಯವಿರುವುದು ಶಾಖ ಮತ್ತು ಸದ್ದನ್ನು ತಡೆಯುವುದರಲ್ಲಿ. ಪೆಟ್ರೋಲಿಯಂ ಮೂಲದ ನೊರೆಹಲಗೆಗಳಿಗೆ ಅದು ಯೋಗ್ಯ ಬದಲಿ. 'ಅಣಬೆಯ ಮನೆ' ಎಂಬ ಜಾಹೀರಾತನ್ನು ಕಂಡವರು ಅದರಲ್ಲಿ ಭಾರ ಹೊತ್ತಿರುವುದು ಯಾವುದೆಂದು ಮೊದಲು ವಿಚಾರಿಸುವುದು ಒಳಿತು.