ಕಂಬ–ತೊಲೆಗಳ ಚೌಕಟ್ಟನ್ನು ಎತ್ತಿ ನಿಲ್ಲಿಸುವ ಕ್ರಮ

1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಈ ಪ್ರದೇಶಭೇದ ಹಳೆಯ ಮನೆಗಳಲ್ಲಿಯೂ ಕಾಣುತ್ತದೆ. ಪಶ್ಚಿಮದ ತಾಲ್ಲೂಕುಗಳಲ್ಲಿ ಇಳಿಜಾರಾದ ಹೆಂಚಿನ ಮಾಡು. ಮಳೆ ಕಡಿಮೆಯಾದ ಜಗಳೂರಿನ ಕಡೆ ಮಣ್ಣು ಹೊದಿಸಿದ ಮಾಳಿಗೆ. ಎರಡಕ್ಕೂ ಕಂಬ, ಬೋದಿಗೆ, ತೊಲೆ, ಜಂತೆಗಳೇ ಆಧಾರ. ಇಂತಹ ಮನೆಯನ್ನು ಇಂದು ಕಟ್ಟಬಯಸುವವರು ಮೊದಲು ಗಮನಿಸಬೇಕಾದುದು ಚೌಕಟ್ಟು ಮೇಲೇಳುವ ಹೊತ್ತಿನ ಅಪಾಯವನ್ನು.

ಭಾರವನ್ನು ಮೊದಲೇ ಲೆಕ್ಕ ಹಾಕುವುದು ಅವಶ್ಯ. 4 ಮೀಟರ್ ಉದ್ದ, 20 ಸೆಂಟಿಮೀಟರ್ ಚದರದ ಒಣ ತೇಗದ ತೊಲೆ ಸುಮಾರು 100 ಕಿಲೋಗ್ರಾಂ ತೂಗುತ್ತದೆ. ಹಸಿಮರವಾದರೆ ಇನ್ನೂ ಹೆಚ್ಚು.

ಇಷ್ಟೇ ತೂಕದ ಕಂಬವೊಂದು ನೆಲದ ಮೇಲೆ ಮಲಗಿದೆಯೆಂದು ಭಾವಿಸೋಣ. ಬುಡವನ್ನು ಜಾರದಂತೆ ತಡೆದು ತುದಿಯನ್ನು ನೇರವಾಗಿ ಮೇಲೆತ್ತಲು 50 ಕಿಲೋಗ್ರಾಂ ಬಲ ಸಾಕು. ತುದಿಗೆ ಹಗ್ಗ ಕಟ್ಟಿ ಎಳೆದಾಗ, ಹಗ್ಗಕ್ಕೂ ಕಂಬಕ್ಕೂ ನಡುವಣ ಕೋನ 30 ಅಂಶಗಳಿದ್ದರೆ 100 ಕಿಲೋಗ್ರಾಂ, 10 ಅಂಶಗಳಿದ್ದರೆ ಸುಮಾರು 288 ಕಿಲೋಗ್ರಾಂ ಎಳೆತ ಬೇಕಾಗುತ್ತದೆ. ಆದುದರಿಂದ ಹಗ್ಗ ಹರಿಯುವ ಸಂಭವ ಆರಂಭದಲ್ಲಿಯೇ ಅಧಿಕ. ತುದಿಯನ್ನು ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಎತ್ತಿ, ಪ್ರತಿ ಹಂತದಲ್ಲಿಯೂ ಕೆಳಗೆ ಆಸರೆ ಕೊಟ್ಟು, ಹಗ್ಗವನ್ನು ಎತ್ತರದ ಮುಕ್ಕಾಲಿಯ ರಾಟೆಯ ಮೂಲಕ ಎಳೆಯುವುದೇ ಯುಕ್ತ.

ಕಂಬ ನೆಟ್ಟಗಾಗುತ್ತ ಬಂದಂತೆ ಎಳೆತ ಕುಗ್ಗುತ್ತದೆ. ಭಾರಕೇಂದ್ರವು ಬುಡವನ್ನು ದಾಟಿದ ಕ್ಷಣ ಕಂಬ ಎಳೆಯುವವರ ಮೇಲೆಯೇ ಉರುಳಬಲ್ಲದು. ಅದಕ್ಕಾಗಿ ಎದುರು ದಿಕ್ಕಿನಲ್ಲಿ ತಡೆಹಗ್ಗವೊಂದು ಮೊದಲಿನಿಂದಲೂ ಇರಬೇಕು. ಕಂಬ ಬೀಳಬಹುದಾದ ದೂರದೊಳಗೆ ಯಾರೂ ನಿಲ್ಲಕೂಡದು; ಆಜ್ಞೆ ಒಬ್ಬನ ಬಾಯಿಂದಲೇ ಬರಬೇಕು.

ಅಡಿಗಲ್ಲಿನ ಮೇಲೆ ಸುಮ್ಮನೆ ಕುಳಿತ ಕಂಬಕ್ಕೆ ಅಡ್ಡಬಲವನ್ನು ಎದುರಿಸುವ ಶಕ್ತಿ ಅತ್ಯಲ್ಪ. ಎರಡು ಕಂಬ, ಒಂದು ತೊಲೆ ಸೇರಿದ ಚತುರಸ್ರವೂ ಗಾಳಿಗೆ ಓರೆಯಾಗಬಲ್ಲದು; ತ್ರಿಕೋನವಾದರೋ ಭುಜಗಳ ಉದ್ದ ಬದಲಾಗದೆ ಆಕಾರ ಕೆಡದು. ಆದಕಾರಣ ಪ್ರತಿ ಕಂಬಕ್ಕೂ ಎರಡು ದಿಕ್ಕುಗಳಲ್ಲಿ ಓರೆಯಾದ ಆಸರೆಗಳನ್ನು ಬಿಗಿದ ಬಳಿಕವೇ ತೊಲೆಯನ್ನೇರಿಸಬೇಕು. ಗೋಡೆಗಳೆದ್ದು ಚೌಕಟ್ಟನ್ನು ಹಿಡಿಯುವವರೆಗೆ ಇವನ್ನು ತೆಗೆಯಬಾರದು.

ಮಾಳಿಗೆಯಲ್ಲಿ ಮತ್ತೊಂದು ಎಚ್ಚರ ಬೇಕು. 30 ಸೆಂಟಿಮೀಟರ್ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 480 ಕಿಲೋಗ್ರಾಂ ಭಾರ ಹೇರುತ್ತದೆ. ಅದನ್ನು ಒಂದೇ ಕಡೆ ರಾಶಿ ಹಾಕದೆ, ತೆಳುವಾದ ಪದರಗಳಲ್ಲಿ ಎರಡೂ ಪಕ್ಕಗಳಿಗೆ ಸಮನಾಗಿ ಹರಡಬೇಕು. ನಿಂತ ಮನೆಯ ದೃಢತೆಯನ್ನು ನೋಡಿ ನಿಲ್ಲುತ್ತಿರುವ ಮನೆಯನ್ನು ನಂಬಲಾಗದೆಂಬುದೇ ಈ ವಿವೇಚನೆಯ ಸಾರ.